ಓಡುವ ಕಾರಿನಿಂದ ವೀರಗಲ್ಲು ಹುಡುಕೋದು: ಕ್ಯಾಮೆರಾ ಮೂತಿ ಎತ್ತ ಕಡೆ ಇರಬೇಕು?

ಕಲ್ಲುಹುಚ್ಚ (ಪ್ರಶ್ನೆ ಹಾಕಿದವರು)

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡೋನು, ಕ್ಯಾಮೆರಾ ಕಂಪ್ಯೂಟರ್ ವಿಷಯದಲ್ಲಿ ಅರೆಬೆಂದವನು. ರಜಾ ಸಿಕ್ಕಿದರೆ ಸೊರಬ, ಶಿಕಾರಿಪುರದ ಹಳ್ಳಿ ರಸ್ತೆಗಳಲ್ಲಿ ವೀರಗಲ್ಲು ಹುಡುಕಿಕೊಂಡು ಅಲೆಯೋದು ನನ್ನ ಚಟ. ಶಾಸನ ಸಂಗ್ರಹ ಮಾಡಿದ ರೈಸ್ ಸಾಹೇಬರು ನೂರಿಪ್ಪತ್ತು ವರ್ಷದ ಹಿಂದೆ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಪುಟಗಳಲ್ಲಿ ಈ ಸೀಮೆಯ ಎಷ್ಟೋ ಕಲ್ಲುಗಳನ್ನ ಅಚ್ಚು ಹಾಕಿಸಿದ್ದಾರೆ. ಆದರೆ ಅಲ್ಲಿರೋ ವಿಳಾಸ ನೋಡಿದರೆ, ಇಂಥ ಊರಿನ ಕೆರೆ ಹತ್ತಿರ, ಇಂಥವರ ಹೊಲದಲ್ಲಿ, ಅದೇ ಜಾಗದ ಎರಡನೇ ಕಲ್ಲು, ಈ ಥರ. ಹೊಲ ನಾಲ್ಕು ಕೈ ಬದಲಾಗಿದೆ, ಕೆರೆ ಕೆಲವು ಕಡೆ ಕೆರೆಯಾಗಿ ಉಳಿದಿಲ್ಲ.

ಅಕ್ಕನ ಮಗ ನನ್ನ ಫೋನಿನಲ್ಲಿದ್ದ ಹಳೇ ಫೋಟೊಗಳನ್ನೆಲ್ಲ ಹಾಕಿ, ವೀರಗಲ್ಲು ಕಂಡರೆ ಚೌಕ ಹಾಕಿ ತೋರಿಸೋ ಒಂದು ಕಂಪ್ಯೂಟರ್ ಮಾಡೆಲ್ ಮಾಡಿಕೊಟ್ಟಿದ್ದಾನೆ. ನಿಂತು ತೆಗೆದ ಫೋಟೊದಲ್ಲಿ ಚೆನ್ನಾಗಿ ಗುರುತು ಹಿಡಿಯುತ್ತೆ. ಕಾರು ಓಡಿಸ್ತಾ ತೆಗೆದ ವಿಡಿಯೊದಲ್ಲಿ ಮಾತ್ರ ಮಂಕಾಗಿ ಕೂತುಬಿಡುತ್ತೆ.

ನನಗೆ ಮೊದಲೇ ಗೊತ್ತಿರೋ 9 ಕಲ್ಲುಗಳಿರೋ ಒಂದು ರಸ್ತೆಯಲ್ಲಿ ಪರೀಕ್ಷೆ ಮಾಡಿದೆ. ಮೊದಲ ಸಲ ಫೋನನ್ನ ಡ್ಯಾಶ್‌ಬೋರ್ಡಿಗೆ ಅಂಟಿಸಿ ನೇರ ಮುಂದಕ್ಕೆ ಇಟ್ಟೆ. ಸಿಕ್ಕಿದ್ದು 1. ಎರಡನೇ ಸಲ ಎಡಗಡೆ ಕಿಟಕಿಯಿಂದ ನೇರ ಪಕ್ಕಕ್ಕೆ ಹಿಡಿಸಿದೆ. ಸಿಕ್ಕಿದ್ದು 3. ಉಳಿದಿದ್ದೆಲ್ಲ ಯಾರೋ ಒದ್ದೆ ಬಣ್ಣದ ಮೇಲೆ ಅಂಗೈ ಎಳೆದ ಹಾಗೆ. ವೇಗ ಸುಮಾರು 40. ಮುಂದಕ್ಕೂ ಅಲ್ಲ, ಪಕ್ಕಕ್ಕೂ ಅಲ್ಲ ಅಂದರೆ ಮತ್ತೆಲ್ಲಿಗೆ ತಿರುಗಿಸಲಿ?

ಪಿಕ್ಸೆಲ್_ಪುಟ್ಟ

ಸಾರ್, ಒಳ್ಳೇ ಪ್ರಶ್ನೆ. ನಾನು ಹೊಟ್ಟೆಪಾಡಿಗೆ ಇದೇ ಕೆಲಸ ಮಾಡ್ತೀನಿ, ಕಲ್ಲಿನ ಬದಲು ಪಾದಚಾರಿಗಳನ್ನ ಹುಡುಕ್ತೀವಿ ಅಷ್ಟೆ. ಸ್ವಲ್ಪ ಲೆಕ್ಕ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ.

40 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ 11 ಮೀಟರ್. ಕಲ್ಲು ನಿಮ್ಮ ಕಾರಿನಿಂದ ಅಡ್ಡಕ್ಕೆ 8 ಮೀಟರ್ ಆಚೆ ಇದೆ, 1 ಮೀಟರ್ ಎತ್ತರ, 2 ಅಡಿ ಅಗಲ ಅಂತ ಇಟ್ಕೊಳ್ಳಿ. ನಿಮ್ಮ ವಿಡಿಯೊ 1920 ಪಿಕ್ಸೆಲ್ ಅಗಲ, ನೋಟದ ಹರವು 70 ಡಿಗ್ರಿ ಅಂದ್ರೆ ಒಂದು ಡಿಗ್ರಿಗೆ ಸುಮಾರು 27 ಪಿಕ್ಸೆಲ್ ಬರುತ್ತೆ.

ಕ್ಯಾಮೆರಾ ನೇರ ಪಕ್ಕಕ್ಕಿದ್ದಾಗ, ಅಂದ್ರೆ 90 ಡಿಗ್ರಿಯಲ್ಲಿ (ನೇರ ಮುಂದಕ್ಕೆ ಅಂದ್ರೆ 0), ಕಲ್ಲು ಸೆಕೆಂಡಿಗೆ ಸುಮಾರು 80 ಡಿಗ್ರಿ ವೇಗದಲ್ಲಿ ಹಾದುಹೋಗುತ್ತೆ. 45 ಡಿಗ್ರಿಗೆ ತಿರುಗಿಸಿದ್ರೆ ಅದು 40 ಆಗುತ್ತೆ. 30 ಡಿಗ್ರಿಗೆ ಬಂದ್ರೆ 20, ಅಂದ್ರೆ ಕಾಲು ಭಾಗ. ಯಾಕಂದ್ರೆ ಈ ವೇಗ ಕೋನದ ಸೈನ್‌ನ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ. ಕಲ್ಲಿನ ಗಾತ್ರವೂ ಚಿಕ್ಕದಾಗುತ್ತೆ ನಿಜ, ಆದರೆ ಎತ್ತರ ಬರೀ ಸೈನ್ ಲೆಕ್ಕದಲ್ಲಿ ಇಳಿಯೋದು: 90ರಲ್ಲಿ 190 ಪಿಕ್ಸೆಲ್ ಎತ್ತರ ಇದ್ದದ್ದು 45ರಲ್ಲಿ 135, 30ರಲ್ಲಿ 95. ಓಟ ಕಾಲು ಭಾಗಕ್ಕೆ ಬಂದಾಗ ಎತ್ತರ ಇನ್ನೂ ಅರ್ಧ ಉಳಿದಿರುತ್ತೆ. ಓರೆಯಾಗಿ ನೋಡೋದ್ರಲ್ಲಿ ಲಾಭ ಇರೋದು ಇಲ್ಲೇ.

ಹಾಗಾದ್ರೆ ಇನ್ನೂ ಮುಂದಕ್ಕೆ ತಿರುಗಿಸಿದ್ರೆ ಇನ್ನೂ ಲಾಭ ಅಲ್ವಾ? ಅಲ್ಲ. ಅದೇ ಕಲ್ಲು 10 ಡಿಗ್ರಿ ಓರೆಯಲ್ಲಿ ಕಾಣೋವಾಗ 46 ಮೀಟರ್ ದೂರ ಇರುತ್ತೆ. ಮುಖ ರಸ್ತೆ ಕಡೆಗಿದ್ರೆ ಅಗಲ ಮೂರ್ನಾಲ್ಕು ಪಿಕ್ಸೆಲ್ ಗೀಟು. ಡ್ಯಾಶ್‌ಬೋರ್ಡ್ ಕ್ಯಾಮೆರಾಗೆ ನಿಮ್ಮ ಕಲ್ಲು ಕಾಣೋಷ್ಟು ದೊಡ್ಡದಾಗೋ ಹೊತ್ತಿಗೆ ಫ್ರೇಮಿನ ಅಂಚು ದಾಟಿರುತ್ತೆ. ಅದಕ್ಕೇ 9ರಲ್ಲಿ 1.

ನನ್ನ ಸಲಹೆ: 40ರಿಂದ 45 ಡಿಗ್ರಿ.

ಧಾರವಾಡದ_ಫೇಡಾ

ಸರ್ರ, ಕೋನ ಆಮ್ಯಾಲ ನೋಡೂಣು, ಮೊದಲ ಶಟರ್ ಎಷ್ಟ ಹೊತ್ತು ತೆರದಿತ್ತು ಅದನ್ನ ಹೇಳ್ರಿ. ಫೋನ್ ತನ್ನ ಪಾಡಿಗೆ ತಾ ಬಿಟ್ರ ಮರದ ನೆರಳಾಗ 1/100 ಸೆಕೆಂಡ್ ಮಾಡ್ಕೊಂಡು ಕುಂದರ್ತದ. ಸೆಕೆಂಡಿಗೆ 11 ಮೀಟರ್ ಹೋಗೂ ಕಾರು ಅಷ್ಟರಾಗ 11 ಸೆಂಟಿಮೀಟರ್ ಮುಂದ ಹೋಗಿರ್ತದ. ಅಂದ್ರ ಕಲ್ಲಿನ ಮ್ಯಾಲಿನ ಒಂದೊಂದು ಚುಕ್ಕಿನೂ 11 ಸೆಂಟಿಮೀಟರ್ ಉದ್ದ ಬಳದಂಗ. ವೀರನ ಕತ್ತಿ ಎಷ್ಟ ಅಗಲ ಇರ್ತದ? ಒಂದು ಇಂಚು ಸೈತ ಇರೂದಿಲ್ಲ. ಕುದುರಿ ಕಾಲು, ಬಿಲ್ಲು, ಎಲ್ಲಾ ಗಂಜಿ.

ಇನ್ನೊಂದು ಮಜಾ ಕೇಳ್ರಿ. ನೇರ ಪಕ್ಕಕ್ಕ ನೋಡೂ ಮುಂದ ಕಲ್ಲು ಹತ್ರ ಇರ್ಲಿ ದೂರ ಇರ್ಲಿ, ಆ 11 ಸೆಂಟಿಮೀಟರ್ ಬದಲಾಗೂದಿಲ್ಲ. ದೂರಿದ್ರ ಕಲೆಸಿದ್ದು ಸಣ್ಣದಾಗಿ ಕಾಣ್ತದ, ಕಲ್ಲೂ ಅಷ್ಟ ಸಣ್ಣದಾಗಿರ್ತದ. ಅದಕ್ಕ ದೂರ ನಿಂತ್ರ ಬ್ಲರ್ ಹೋಗ್ತದ ಅನ್ನೂದು ಸುಳ್ಳು. ಶಟರ್ 1/1000ಕ್ಕ ಗಟ್ಟಿ ಮಾಡ್ರಿ, ಒಂದ ಸೆಂಟಿಮೀಟರಿಗೆ ಬರ್ತದ. ಐಎಸ್‌ಒ (ಬೆಳಕು ಹಿಗ್ಗಿಸೂ ಅಳತಿ) ಏರ್ತದ, ಏರ್ಲಿ. ಚುಕ್ಕಿ ಚುಕ್ಕಿ ಫೋಟೊ ಓದ್ಬಹುದು, ಎಳದದ್ದು ಓದ್ಲಿಕ್ಕೆ ಬರೂದಿಲ್ಲ.

ಪಿಕ್ಸೆಲ್_ಪುಟ್ಟ

ಫೇಡಾ ಅವರ ಮಾತು ನೂರಕ್ಕೆ ನೂರು. ಓರೆ ಕೋನದಲ್ಲಿ ಆ ಸೆಂಟಿಮೀಟರೂ ಸೈನ್ ಲೆಕ್ಕದಲ್ಲಿ ಕಡಿಮೆ ಆಗುತ್ತೆ, ಅಷ್ಟೇ ವ್ಯತ್ಯಾಸ. ಶಟರ್ ಸರಿ ಮಾಡದೆ ಕೋನ ಮಾತ್ರ ಬದಲಾಯಿಸಿದ್ರೆ ಅರ್ಧ ಕೆಲಸ.

ಬೇಲಿಸಾಲು

ಲೆಕ್ಕ ಎಲ್ಲ ಚಂದ ಇದೆ ಮಾರಾಯ್ರೆ. ನಮ್ಮ ಕಡೆ ರಸ್ತೆ ಪಕ್ಕ ಬೇಲಿ ಅಂತ ಒಂದು ಇರ್ತದೆ, ಅದು ನಿಮ್ಮ ಲೆಕ್ಕದಲ್ಲಿ ಎಲ್ಲೂ ಬರ್ಲಿಲ್ಲ.

ಬಸ್ಸಿನ ಕಿಟಕಿ ಪಕ್ಕ ಕೂತು ನೋಡಿ. ನೇರ ಪಕ್ಕಕ್ಕೆ ನೋಡಿದ್ರೆ ಲಂಟಾನದ ಮಟ್ಟಿ ಸಂದಿಯಲ್ಲಿ ಹಿಂದಿನ ತೋಟ, ಮನೆ, ಕಟ್ಟಿದ ಎಮ್ಮೆ ಎಲ್ಲ ಮಿಣ್ಣಂತ ಕಾಣ್ತದೆ. ತಲೆ ಸ್ವಲ್ಪ ಮುಂದಕ್ಕೆ ತಿರುಗಿಸಿದ್ರೆ ಅದೇ ಬೇಲಿ ಗೋಡೆ ಆಗ್ತದೆ. ಸಂದಿ ಅನ್ನೋದೇ ಇರೋದಿಲ್ಲ. ನೀವು ಹೇಳೋ 45ರಲ್ಲಿ ಇಟ್ರೆ ಬರೀ ಬೇಲಿ ವಿಡಿಯೊ ಬರ್ತದೆ, ನೋಡಿ ಬೇಕಾದ್ರೆ.

ವೀರಗಲ್ಲು ಏನು ಡಾಂಬರಿನ ಅಂಚಿಗೆ ಬಂದು ನಿಂತಿರ್ತದಾ? ಹೊಲದ ಬದುವಿನಲ್ಲಿ, ಕೆರೆ ಏರಿ ಕೆಳಗೆ, ಮಾರಿಗುಡಿ ಹಿಂದೆ.

ಪಿಕ್ಸೆಲ್_ಪುಟ್ಟ

ಸೋತೆ ಬೇಲಿಸಾಲಣ್ಣ. ಇದು ನನ್ನ ತಲೆಗೆ ಹೊಳೀಲಿಲ್ಲ, ಯಾಕಂದ್ರೆ ನಮ್ಮ ಟೆಸ್ಟ್ ಟ್ರ್ಯಾಕಲ್ಲಿ ಬೇಲಿ ಇಲ್ಲ!

ಲೆಕ್ಕ ಹಾಕಿದೆ. ಮಟ್ಟಿಯ ದಪ್ಪ 1 ಮೀಟರ್, ಸಂದಿಯ ಅಗಲ 1 ಮೀಟರ್ ಇದ್ರೆ 45 ಡಿಗ್ರಿ ಅನ್ನೋದೇ ಗಡಿ. ಅದಕ್ಕಿಂತ ಮುಂದಕ್ಕೆ ತಿರುಗಿದ್ರೆ ಒಂದು ಗೆರೆ ಬೆಳಕೂ ಆಚೆಯಿಂದ ಬರಲ್ಲ. ಸಂದಿ ಚಿಕ್ಕದಾದಷ್ಟೂ ಗಡಿ 90ರ ಕಡೆಗೆ ಸರಿಯುತ್ತೆ. ಅರ್ಧ ಮೀಟರ್ ಸಂದಿ ಇದ್ರೆ 63 ಡಿಗ್ರಿ ಮೇಲೇ ಇರಬೇಕು. ಅಂದ್ರೆ ಬ್ಲರ್ ನಮ್ಮನ್ನ ಮುಂದಕ್ಕೆ ಎಳೆಯುತ್ತೆ, ಬೇಲಿ ಪಕ್ಕಕ್ಕೆ ಎಳೆಯುತ್ತೆ.

ಆದ್ರೆ ಬ್ಲರ್‌ಗೆ ಶಟರ್ ಅನ್ನೋ ಮದ್ದಿದೆ. ಬೇಲಿಗೆ ಇಲ್ಲ. ಹಾಗಾಗಿ ಬೇಲಿ ಪಕ್ಷಕ್ಕೆ ನನ್ನ ಓಟು. ನಡುಗೆರೆ 60 ಡಿಗ್ರಿಗೆ ಇಡಿ. ಹರವು 70 ಇರೋದ್ರಿಂದ ಫ್ರೇಮು 25ರಿಂದ 95 ಡಿಗ್ರಿವರೆಗೆ ನೋಡುತ್ತೆ. ಬಯಲಲ್ಲಿರೋ ಕಲ್ಲು ಮೊದಲು ಓರೆಯಲ್ಲಿ ನಿಧಾನಕ್ಕೆ ಬರುತ್ತೆ, ಬೇಲಿ ಹಿಂದಿನ ಕಲ್ಲು ಕೊನೇಲಿ ನೇರ ಪಕ್ಕದಲ್ಲಿ ಒಂದೆರಡು ಫ್ರೇಮಲ್ಲಾದ್ರೂ ಇಣುಕುತ್ತೆ. 8 ಮೀಟರ್ ದೂರದ ಕಲ್ಲು ಸುಮಾರು 1.6 ಸೆಕೆಂಡ್ ಫ್ರೇಮಲ್ಲಿರುತ್ತೆ, 30 ಫ್ರೇಮ್ ಲೆಕ್ಕದಲ್ಲಿ 48 ಅವಕಾಶ. ನೇರ ಪಕ್ಕಕ್ಕೆ ಇಟ್ಟಾಗ ಸಿಗ್ತಿದ್ದಿದ್ದು 30.

ಸ್ಟುಟ್‌ಗಾರ್ಟ್_ಸುಬ್ಬ

ಒಂದು ಸಣ್ಣ ಸರ್ವೊ ಮೋಟಾರ್ ಹಾಕಿ, ಕಾರು ಮುಂದಕ್ಕೆ ಹೋದಷ್ಟು ಕ್ಯಾಮೆರಾನ ಹಿಂದಕ್ಕೆ ತಿರುಗಿಸಿದರೆ ಹೇಗೆ? ವಿಮಾನದಿಂದ ನಕ್ಷೆಗೆ ಫೋಟೊ ತೆಗೆಯುವ ಹಳೇ ಕ್ಯಾಮೆರಾಗಳಲ್ಲಿ ಶಟರ್ ತೆರೆದಿರುವಾಗ ಫಿಲ್ಮನ್ನೇ ಸ್ವಲ್ಪ ಸರಿಸುತ್ತಿದ್ದರು, ಇದೇ ಕಾರಣಕ್ಕೆ. ನಮ್ಮ ಕಣ್ಣೂ ಅದನ್ನೇ ಮಾಡುತ್ತದೆ. ರೈಲಿನಲ್ಲಿ ಎದುರು ಕೂತವರ ಕಣ್ಣು ಗಮನಿಸಿ: ಒಂದು ಕಂಬಕ್ಕೆ ಅಂಟಿಕೊಂಡು ಹಿಂದೆ ಹೋಗುತ್ತೆ, ಫಕ್ಕನೆ ಮುಂದಕ್ಕೆ ಜಿಗಿಯುತ್ತೆ, ಮತ್ತೆ ಇನ್ನೊಂದು ಕಂಬ.

ಧಾರವಾಡದ_ಫೇಡಾ

ಎಷ್ಟು ತಿರುಗಿಸಬೇಕು ಅನ್ನೂದು ಕಲ್ಲು ಎಷ್ಟು ದೂರ ಐತಿ ಅನ್ನೂದರ ಮ್ಯಾಲ ಅಲ್ಲೇನ್ರಿ? 5 ಮೀಟರಿಗೆ ಒಂದು ವೇಗ, 20 ಮೀಟರಿಗೆ ಇನ್ನೊಂದು. ವಿಮಾನದಾಗ ನೆಲ ಎಲ್ಲಾ ಒಂದ ದೂರ ಇರ್ತದ, ಇಲ್ಲಿ ಹಂಗಿಲ್ಲ. ಕಲ್ಲು ಸಿಕ್ಕ ಮ್ಯಾಲ ಅದರ ದೂರ ಗೊತ್ತಾಗೂದು, ಸಿಗೂಕಿಂತ ಮೊದಲ ಹೆಂಗ? ಮಾಸ್ತರಿಗೆ 1/1000 ಸಾಕ್ರಿ ಸುಬ್ಬಣ್ಣ, ಮೋಟಾರಿನ ಖರ್ಚು ಬ್ಯಾಡ.

ಸ್ಟುಟ್‌ಗಾರ್ಟ್_ಸುಬ್ಬ

ಒಪ್ಪಿದೆ. ಎಂಜಿನಿಯರಿಗೆ ಮೋಟಾರ್ ಕಂಡರೆ ಕೈ ಕಡಿಯುತ್ತೆ.

ಗಾಳಿಪಟ_98

ಗುರು ಇಷ್ಟೆಲ್ಲ ಯಾಕೆ? ಡ್ರೋನ್ ಹಾರ್ಸಿ, ಬೇಲಿನೂ ಇಲ್ಲ ಗೀಲಿನೂ ಇಲ್ಲ.

ಹಳಗನ್ನಡ_ಹೆಜ್ಜೆ

ವೀರಗಲ್ಲು ನಿಂತಿರುವ ಚಪ್ಪಡಿ. ಮೇಲಿಂದ ನೋಡಿದರೆ ಒಂದು ಗೇಣು ದಪ್ಪದ ಅಂಚು ಮಾತ್ರ, ಅದೂ ಮರದ ಕೆಳಗೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಇದೆಲ್ಲ ಇರುವುದು ಮುಖದ ಮೇಲೆ, ಅದು ನೋಡುವುದು ಅಡ್ಡಕ್ಕೆ. ಹುಡುಕುವ ವಸ್ತು ಯಾವ ಕಡೆ ಮುಖ ಮಾಡಿದೆಯೋ ಕ್ಯಾಮೆರಾ ಆ ಕಡೆಗೆ ಹೋಗಬೇಕು. ರಸ್ತೆ ಗುಂಡಿ ಹುಡುಕುವವರಿಗೆ ಮೇಲಿನ ನೋಟ ಸರಿ. ನಮಗಲ್ಲ.

ಇಲ್ಲಿ ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ, ಬಿಸಿಲು. ಶಾಸನ ಓದುವವರು ರಾತ್ರಿ ಹೋಗಿ ಟಾರ್ಚನ್ನು ಕಲ್ಲಿನ ಪಕ್ಕದಿಂದ, ಮೇಲ್ಮೈ ಸವರುವ ಹಾಗೆ ಹಿಡಿಯುತ್ತೇವೆ. ಎದುರಿನಿಂದ ಹಿಡಿದರೆ ಅಕ್ಷರ ಮಾಯ, ಓರೆ ಹಿಡಿದರೆ ಪ್ರತಿ ಗೀರಿನಲ್ಲೂ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ಉಬ್ಬುಶಿಲ್ಪಕ್ಕೂ ಅದೇ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಕಲ್ಲು ಚಪ್ಪಟೆ ಕಾಣುತ್ತದೆ, ಎದುರಿಗಿದ್ದರೆ ಕಪ್ಪು ಹಲಗೆ. ಬಯಲಿನಲ್ಲಿ ನಿಂತ ಕಲ್ಲಿಗೆ ಹತ್ತೂವರೆ, ಹನ್ನೊಂದರ ಬಿಸಿಲು ಮೇಲಿನಿಂದ ಸವರಿಕೊಂಡು ಬೀಳುವುದು ಬಹಳ ಚೆನ್ನ. ಫೋಟೊದವರು ಬೆಳಗಿನ ಹೊಂಬಿಸಿಲೇ ಬೇಕು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

ಕಾಲವೂ ಮುಖ್ಯ. ಮಳೆಗಾಲದಲ್ಲಿ ಹೋದರೆ ಎದೆಮಟ್ಟ ಹುಲ್ಲು. ಸಂಕ್ರಾಂತಿ ಕಳೆದು, ಗದ್ದೆ ಕೊಯ್ಲಾಗಿ, ಹುಲ್ಲು ಒಣಗಿದ ಮೇಲೆ ಹೊರಡಿ. ಯುಗಾದಿ ಹೊತ್ತಿಗೆ ಮುಗಿಸಿ.

ಕಾರವಾರದ_ಕಡಲು

ನಾನು ನೌಕಾಪಡೆಯಿಂದ ನಿವೃತ್ತ. ಹಡಗಿನಲ್ಲಿ ಲುಕ್‌ಔಟ್ ನಿಲ್ಲುವ ಹುಡುಗರಿಗೆ ಮೊದಲು ಕಲಿಸುವ ಪಾಠವೇ ಇದು. ದುರ್ಬೀನನ್ನು ದಿಗಂತದ ಮೇಲೆ ಸರ್ರನೆ ಎಳೆಯಬೇಡ. ಒಂದು ತುಂಡು ನೋಡು, ನಿಲ್ಲು, ಮುಂದಿನ ತುಂಡಿಗೆ ಹೋಗು. ಕಣ್ಣು ಓಡುವಾಗ ಏನೂ ಕಾಣುವುದಿಲ್ಲ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗಾಗಿ ಕೂಪ್‌ಮನ್ ಎಂಬ ಗಣಿತಜ್ಞ ಈ ಹುಡುಕಾಟವನ್ನೇ ಒಂದು ಶಾಸ್ತ್ರ ಮಾಡಿದ. 1946ರಲ್ಲಿ ಅದರ ವರದಿ ಬಂತು. ಅವನು ಕೇಳಿದ ಪ್ರಶ್ನೆ ತುಂಬ ಸರಳ: ನನ್ನ ದಾರಿಯಿಂದ ಅಡ್ಡಕ್ಕೆ ಇಷ್ಟು ದೂರದಲ್ಲಿರುವ ವಸ್ತು, ನಾನು ಪೂರ್ತಿ ದಾಟಿ ಹೋಗುವಷ್ಟರಲ್ಲಿ ಕಣ್ಣಿಗೆ ಬೀಳುವ ಸಾಧ್ಯತೆ ಎಷ್ಟು? ಒಂದೊಂದು ದೂರಕ್ಕೂ ಆ ಸಾಧ್ಯತೆ ಗುರುತು ಹಾಕಿ ಗೆರೆ ಎಳೆದರೆ ಒಂದು ಗುಡ್ಡದಂಥ ಆಕಾರ ಬರುತ್ತದೆ. ಆ ಗುಡ್ಡದ ಗೆರೆಯ ಕೆಳಗಿನ ಒಟ್ಟು ವಿಸ್ತೀರ್ಣವೇ ನಿಮ್ಮ ಪೊರಕೆಯ ಅಗಲ. ರಸ್ತೆಯುದ್ದಕ್ಕೂ ನೀವು ನಿಜವಾಗಿ ಗುಡಿಸುವುದು ಅಷ್ಟು ಅಗಲದ ಪಟ್ಟಿಯನ್ನು.

ಮಾಸ್ತರೇ, ನಿಮ್ಮ ಹತ್ತಿರ ಗೊತ್ತಿರುವ 9 ಕಲ್ಲುಗಳಿವೆಯಲ್ಲ, ಅದು ದೊಡ್ಡ ಆಸ್ತಿ. ಪ್ರತಿಯೊಂದೂ ರಸ್ತೆಯಿಂದ ಎಷ್ಟು ಹೆಜ್ಜೆ ಎಂದು ಅಳೆದು ಬರೆದಿಡಿ. ಕೋನ ಬದಲಿಸಿದಾಗಲೆಲ್ಲ ಯಾವ ದೂರದ್ದು ಸಿಕ್ಕಿತು, ಯಾವುದು ತಪ್ಪಿತು ನೋಡಿ. ಒಟ್ಟು ಎಷ್ಟು ಸಿಕ್ಕಿತು ಎಂಬ ಲೆಕ್ಕಕ್ಕಿಂತ ಇದು ಹೆಚ್ಚು ಹೇಳುತ್ತದೆ. ಕಾರಿಗೆ ತೀರ ಹತ್ತಿರದ್ದು ತಪ್ಪುತ್ತಿದ್ದರೆ ಓಟದ ದೋಷ (ಫ್ರೇಮಿನಲ್ಲಿ ಇರುವ ಹೊತ್ತೇ ಕಡಿಮೆ), ದೂರದ್ದು ತಪ್ಪುತ್ತಿದ್ದರೆ ಗಾತ್ರದ ದೋಷ ಇಲ್ಲವೇ ಬೇಲಿಯ ದೋಷ.

ಬೇಲಿಸಾಲು

ಕಾರವಾರದ ಸಾಹೇಬ್ರಿಗೆ ಒಂದು ನಮಸ್ಕಾರ. ಪೊರಕೆ ಅಂದಿದ್ದು ಸರಿಯಾಗಿ ತಲೆಗೆ ಹೋಯ್ತು.

ನನ್ನದೊಂದು ಸೇರಿಸಿ: ಎಡಗಡೆ ಮಾತ್ರ ಕ್ಯಾಮೆರಾ ಇಡಿ. ನಾವು ಎಡಕ್ಕೆ ಹೋಗೋರು, ಬಲಗಡೆದು ಇನ್ನೊಂದು ರಸ್ತೆಯಗಲ ದೂರ, ಜೊತೆಗೆ ಎದುರು ಬರೋ ಲಾರಿ ಅಡ್ಡ. ಹೋಗ್ತಾ ಒಂದು ಕಡೆ ಗುಡಿಸಿ, ಅದೇ ದಾರೀಲಿ ವಾಪಸ್ ಬರ್ತಾ ಇನ್ನೊಂದು ಕಡೆ ಗುಡಿಸಿ.

ಪಿಕ್ಸೆಲ್_ಪುಟ್ಟ

ಚಿಕ್ಕಪುಟ್ಟದ್ದು ಇಷ್ಟು: ಕಿಟಕಿ ಗಾಜಿನ ಮೂಲಕ ಓರೆ ತೆಗೀಬೇಡಿ, ಸೀಟಿನ ಪ್ರತಿಬಿಂಬ ಬಂದು ಕೂರುತ್ತೆ. ಮೇಲಿನ ಕ್ಯಾರಿಯರ್‌ಗೆ ಕಟ್ಟಿದ್ರೆ 1.7 ಮೀಟರ್ ಎತ್ತರ ಸಿಗುತ್ತೆ, ಮೊಳಕಾಲುದ್ದ ಹುಲ್ಲು ದಾಟಿ ಕಾಣುತ್ತೆ. ಮೂತಿ 8 ಡಿಗ್ರಿ ಕೆಳಕ್ಕೆ ಬಗ್ಗಿಸಿ. ಆಕಾಶ ಜಾಸ್ತಿ ಬಂದ್ರೆ ಫೋನು ಅದಕ್ಕೆ ಹೆದರಿ ಕಲ್ಲನ್ನ ಕತ್ತಲು ಮಾಡುತ್ತೆ. ಫೋಕಸ್ ಲಾಕ್ ಮಾಡಿ, ಇಲ್ಲಾಂದ್ರೆ ಪ್ರತಿ ಲಂಟಾನ ಎಲೆಗೂ ಓಡುತ್ತೆ.

ರೋಲಿಂಗ್ ಶಟರ್‌ನಿಂದ (ಚಿತ್ರವನ್ನ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದೋದ್ರಿಂದ) ಕಲ್ಲು ವಾಲುತ್ತೆ ಅಂತ ಯಾರಾದ್ರೂ ಹೆದರಿಸಿದ್ರೆ ತಲೆ ಕೆಡಿಸ್ಕೋಬೇಡಿ. ಪೂರ್ತಿ ಚಿತ್ರ ಓದೋಕೆ 20 ಮಿಲಿಸೆಕೆಂಡ್ ತಗೊಂಡ್ರೂ 1 ಮೀಟರ್ ಎತ್ತರದ ಕಲ್ಲು ವಾಲೋದು ನಾಲ್ಕು ಸೆಂಟಿಮೀಟರ್. ನಮ್ಮೂರ ಕಲ್ಲುಗಳು ಅದಕ್ಕಿಂತ ಜಾಸ್ತಿ ತಾವೇ ವಾಲಿರ್ತವೆ.

ಕಲ್ಲುಹುಚ್ಚ

ಎರಡು ಭಾನುವಾರ ಕಳೆದು ವರದಿ ಒಪ್ಪಿಸ್ತಿದ್ದೀನಿ.

ಶಟರ್ 1/1000, ಕ್ಯಾರಿಯರ್ ಮೇಲೆ, ಎಡಗಡೆ, ಮೂತಿ ಸ್ವಲ್ಪ ಕೆಳಕ್ಕೆ. ಕೋನ ಅಳೆಯೋಕೆ ಮಗಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ. ಅದೇ ರಸ್ತೆ, ಅದೇ 9 ಕಲ್ಲು. 45ರಲ್ಲಿ 5 ಸಿಕ್ಕವು. 60ರಲ್ಲಿ 7. ಮತ್ತೆ 90ಕ್ಕೆ ತಿರುಗಿಸಿದರೆ 6, ಅಂದರೆ ಫೇಡಾ ಅವರು ಹೇಳಿದ ಹಾಗೆ ಹಿಂದೆ ಪಕ್ಕಕ್ಕೆ ಹಿಡಿದಾಗಿನ ತಪ್ಪಿನಲ್ಲಿ ಅರ್ಧದಷ್ಟು ಶಟರಿನದೇ. 9 ಕಲ್ಲು ಅಂದರೆ ಸಣ್ಣ ಲೆಕ್ಕ, ಒಂದು ಹೆಚ್ಚು ಒಂದು ಕಡಿಮೆಗೆ ದೊಡ್ಡ ಅರ್ಥ ಹಚ್ಚಲ್ಲ. ಆದರೆ ಹೆಜ್ಜೆ ಅಳೆದು ಬರೆದಿಟ್ಟಿದ್ದರಿಂದ ಒಂದು ಗೊತ್ತಾಯಿತು: 45ರಲ್ಲಿ ತಪ್ಪಿದ ನಾಲ್ಕರಲ್ಲಿ ಮೂರು ಬೇಲಿ ಹಿಂದಿನವು. ಬೇಲಿಸಾಲಣ್ಣ, ನೀವೇ ಗೆದ್ದಿರಿ.

ಯಾವ ಕೋನಕ್ಕೂ ಸಿಗದೆ ಉಳಿದವು ಎರಡು. ಒಂದಕ್ಕೆ ಪೂರ್ತಿ ಸುಣ್ಣ ಬಳಿದು ಅರಿಶಿನ ಕುಂಕುಮ ಹಚ್ಚಿದ್ದಾರೆ, ಮಾಡೆಲ್‌ಗೆ ಅದು ಮೈಲಿಗಲ್ಲು. ಇನ್ನೊಂದು ರಸ್ತೆಗೆ ಬೆನ್ನು ಹಾಕಿ ನಿಂತಿದೆ.

ತಪ್ಪು ಗುರುತುಗಳೂ ಬೇಕಾದಷ್ಟು: ಅರಳಿಕಟ್ಟೆಯ ನಾಗರಕಲ್ಲು, ಬಟ್ಟೆ ಒಗೆಯೋ ಕಲ್ಲು, ಒಂದು ಕಡೆ ನಿಲ್ಲಿಸಿಟ್ಟಿದ್ದ ನೀರಿನ ಡ್ರಮ್ಮು. ಸತಿ ಹೋದವಳ ನೆನಪಿನ ಮಾಸ್ತಿಕಲ್ಲು ಒಂದನ್ನೂ ವೀರಗಲ್ಲು ಅಂತ ಹಿಡಿಯಿತು. ಬಳೆ ತೊಟ್ಟು ಮೇಲೆತ್ತಿದ ಕೈ ಅಷ್ಟು ಸ್ಪಷ್ಟವಾಗಿತ್ತು, ಅದು ತಪ್ಪು ಅನ್ನೋಕೆ ನನಗೆ ಮನಸ್ಸು ಬರಲಿಲ್ಲ.

ಹಳಗನ್ನಡ_ಹೆಜ್ಜೆ

ಸಂತೋಷ. ಒಂದು ವಿನಂತಿ: ಹೊಸದು ಸಿಕ್ಕರೆ ಜಾಗದ ಗುರುತು ಇಲ್ಲಿ ಹಾಕಬೇಡಿ. ನಿಧಿ ಆಸೆಗೆ ಕಲ್ಲಿನ ಬುಡ ಅಗೆಯುವವರು ಇಂಥ ಪಟ್ಟಿಗಳನ್ನೇ ಕಾಯುತ್ತಿರುತ್ತಾರೆ. ಪುರಾತತ್ವ ಇಲಾಖೆಗೆ ಬರೆದು ತಿಳಿಸಿ, ಊರಿನ ಹಿರಿಯರಿಗೆ ಹೇಳಿ.

ಕಲ್ಲುಹುಚ್ಚ

ಖಂಡಿತ ಹಾಕಲ್ಲ ಸಾರ್. ಆದರೆ ಕಲ್ಲಿನ ಕಥೆ ಹೇಳಬಹುದಲ್ಲ?

ವಾಪಸ್ ಬರೋವಾಗಿನ ವಿಡಿಯೊವನ್ನ ರಾತ್ರಿ ಮನೆಯಲ್ಲಿ ಹಾಕಿ ನೋಡ್ತಿದ್ದೆ. ನನ್ನ ಪಟ್ಟಿಯಲ್ಲಿ ಇಲ್ಲದ ಜಾಗದಲ್ಲಿ ಎರಡೇ ಎರಡು ಫ್ರೇಮು ಚೌಕ ಬಿತ್ತು, ಹೋಯಿತು. ನೇರ ಪಕ್ಕದ ನೋಟ, ಬೇಲಿ ಸಂದಿ. ನಿಲ್ಲಿಸಿ ದೊಡ್ಡದು ಮಾಡಿದರೆ ಒಂದು ಕೊಟ್ಟಿಗೆ, ಬಾಗಿಲ ಹತ್ತಿರ ಬೂದುಬಣ್ಣದ ಚಪ್ಪಡಿ, ಅದಕ್ಕೆ ಹಗ್ಗ. ಮರುದಿನ ಕಾಲೇಜು ಮುಗಿಸಿಕೊಂಡು ಹೋದೆ. ಆ ರಸ್ತೆಯಲ್ಲಿ ನಾನು ಹದಿನೈದು ವರ್ಷದಿಂದ ಓಡಾಡ್ತಿದ್ದೀನಿ. ಕರು ಕಟ್ಟಿದ್ದರು ಅದಕ್ಕೆ. ಕೆಳಗಿನ ಪಟ್ಟಿಕೆ ಅರ್ಧ ಸಗಣಿ ಮಣ್ಣಿನಲ್ಲಿ ಹೂತಿದೆ. ಮೇಲೆ ಕುದುರೆಯ ತಲೆ, ಎತ್ತಿದ ಕತ್ತಿ, ಹಗ್ಗ ಉಜ್ಜಿ ಉಜ್ಜಿ ವೀರನ ಮುಖ ನುಣ್ಣಗಾಗಿದೆ.

ಮನೆಯ ಅಜ್ಜಿ ಬಂದು, "ಏನು ತಮ್ಮಾ ಹುಡುಕ್ತೀ?" ಅಂದರು. ಕಲ್ಲು ಅಂದೆ. "ಅದಾ? ನಾನು ಮದುವೆಯಾಗಿ ಬರೋವಾಗ್ಲೂ ಅಲ್ಲೇ ಇತ್ತು," ಅಂದು ಕರುವಿನ ಹಗ್ಗ ಬಿಚ್ಚಿ ಪಕ್ಕದ ಗೂಟಕ್ಕೆ ಕಟ್ಟಿದರು.

ಮುಂದಿನ ಭಾನುವಾರ ಆನವಟ್ಟಿ ರಸ್ತೆ. 60 ಡಿಗ್ರಿ, ಎಡಗಡೆ. ಬರೋರಿದ್ದರೆ ಹೇಳಿ, ಹಿಂದಿನ ಸೀಟು ಖಾಲಿ ಇದೆ.

ಬೇಲಿಸಾಲು

ನಾನು ಬರ್ತೀನಿ ಮಾಸ್ತರೇ. ಕತ್ತಿ ತರ್ಲಾ, ಬೇಲಿ ಸವರೋಕೆ?